ತ್ಯಾಂಪಣ್ಣನ ಲ್ಯಾಪ್‌ಟಾಪಿನ ಮುಚ್ಚಳ

ಗುತ್ತಿಗಾರಿನ ನಮ್ಮ ಕಡೆ ತ್ಯಾಂಪಣ್ಣನ ಬಗ್ಗೆ ಈಗ ಎರಡು ಬಗೆಯ ಮಾತಿದೆ. ಒಂದು ಎದುರಿಗೆ ಆಡುವುದು, ಇನ್ನೊಂದು ಬೆನ್ನ ಹಿಂದೆ. ನಾನೂ ಎರಡನ್ನೂ ಆಡಿದವನೇ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಂತೆ. ಒದೆಯಲಿ, ನಾನು ಹೇಳುತ್ತೇನೆ.

ಮೂವತ್ತೆರಡು ವರ್ಷ ಕರೆಂಟಿನ ಲೈನ್‌ಮನ್ ಆಗಿದ್ದವರು ಅವರು. ಕಂಬ ಹತ್ತಿ ಹತ್ತಿ ಮೊಣಕಾಲು ಸವೆದಿತ್ತು, ಹಠ ಸವೆದಿರಲಿಲ್ಲ. ನಿವೃತ್ತಿಯಾದ ಮೇಲೆ, ಆನೆಗಳು ಹೊಳೆ ದಾಟಿ ರಬ್ಬರ್ ತೋಟಕ್ಕೆ ಬರುವ ಜಾಗದಲ್ಲಿ ಒಂದು ಕ್ಯಾಮರಾ ಕಟ್ಟಿದರು. ಅಲ್ಲಿಂದ ಮನೆಯವರೆಗೆ ಮರದಿಂದ ಮರಕ್ಕೆ ವಯರ್ ಎಳೆದರು. ಕ್ಯಾಮರಾ ತೆಗೆದ ಫೋಟೋಗಳನ್ನು ಅವರ ಹಳೆ ಲ್ಯಾಪ್‌ಟಾಪ್ ಒಂದೊಂದಾಗಿ ನೋಡುವುದು, ಆನೆಯಷ್ಟು ದೊಡ್ಡದೇನಾದರೂ ಕಂಡರೆ ಮಾಡಿನ ಮೇಲಿನ ಸೈರನ್ ಕೂಗುವುದು. ಗುರುತಿನ ಇಂಜಿನಿಯರೊಬ್ಬರು ಅದಕ್ಕೆ ಪ್ರೋಗ್ರಾಂ ಬರೆದುಕೊಟ್ಟಿದ್ದರು.

ಅದಕ್ಕೆ ಮೊದಲು ನಮ್ಮಲ್ಲಿ ಬೇರೆ ಪದ್ಧತಿಯಿತ್ತು. ರಬ್ಬರ್ ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗ್‌ಗೆ ಹೋಗುವವರು ಬೆಳಿಗ್ಗೆ ಮೋರಿಯ ಹತ್ತಿರ ಸೇರಿ, ಒಂದು ಗರ್ನಾಲು ಹೊಡೆಯುತ್ತಿದ್ದರು. ಆ ಪಟಾಕಿಯ ಸದ್ದು ಅಡಗುವವರೆಗೆ ಕಿವಿಗೊಟ್ಟು ನಿಂತು, ಆಮೇಲೆ ಇಬ್ಬಿಬ್ಬರಾಗಿ ತೋಟಕ್ಕೆ ಹೋಗುವುದು. ಸೈರನ್ ಬಂದ ಎರಡೇ ವರ್ಷದಲ್ಲಿ ಅದೆಲ್ಲ ನಿಂತುಹೋಯಿತು. ಸೈರನ್ ಕೂಗಲಿಲ್ಲವೋ, ಆನೆ ಇಲ್ಲ. ಗರ್ನಾಲು ತಂದುಕೊಡಬೇಕಾದ ತೋಟದ ಯಜಮಾನರು ನಾವು, ಕಷ್ಟ ತಪ್ಪಿತೆಂದು ಸುಮ್ಮನಾದೆವು. ನನ್ನ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಿದ್ದ ದಮಯಂತಿ ಒಬ್ಬಳೇ ಹೋಗತೊಡಗಿದಳು. ನಾನು ಬೇಡ ಎನ್ನಲಿಲ್ಲ.

ಲ್ಯಾಪ್‌ಟಾಪಿಗೆ ಹನ್ನೆರಡು ವರ್ಷವಾಗಿತ್ತು. ಒಂದು ಫೋಟೋ ನೋಡಿ ಮುಗಿಸುವುದಕ್ಕೆ ಗರಗರ ಎಂದು ನರಳುತ್ತಿತ್ತು. ಕಳೆದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ದಮಯಂತಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂಟಿಸಲಗ ಎದುರಾಯಿತು. ಅವಳು ಓಡಿ ರಸ್ತೆಗೆ ಬಿದ್ದು ಎದ್ದ ಮೇಲೆ ಸೈರನ್ ಕೂಗಿತು. ಅವಳು ನೇರ ತ್ಯಾಂಪಣ್ಣನ ಅಂಗಳಕ್ಕೆ ಹೋದಳು.

"ನಿಮ್ಮ ಪೆಟ್ಟಿಗೆ ಆನೆ ಬರುವಾಗ ಕೂಗುದಾ, ಹೋದ ಮೇಲೆ ಕೂಗುದಾ ಮಾರಾಯ್ರೆ? ಇನ್ನು ಸ್ವಲ್ಪ ತಡ ಆದ್ರೆ ನಾನು ಸತ್ತು ಬೊಜ್ಜದ ಊಟಕ್ಕೆ ಕೂಗ್ತದೆ."

ತ್ಯಾಂಪಣ್ಣ ನಗಲಿಲ್ಲ. ಮರುದಿನವೇ ಲ್ಯಾಪ್‌ಟಾಪನ್ನು ಹೆಗಲ ಬೈರಾಸಿನಲ್ಲಿ ಸುತ್ತಿಕೊಂಡು ಸುಳ್ಯದ ಬಸ್ಸು ಹತ್ತಿದರು.

ರಿಪೇರಿ ಅಂಗಡಿಯ ಇಮ್ತಿಯಾಝ್ ಒಳ್ಳೆಯ ಕೆಲಸಗಾರ. ಹಿಂಬದಿ ಬಿಚ್ಚಿ ಇರುವೆ, ಮಸಿ ಎಲ್ಲ ಗುಡಿಸಿ ಹೇಳಿದ, "ಇದನ್ನು ಬಿಸಾಡುದು ಬೇಡ ಅಣ್ಣ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವ, ರ್‍ಯಾಮ್ ಡಬಲ್ ಮಾಡುವ, ಬ್ಯಾಟರಿ ಹೊಸತು ಹಾಕುವ. ಇನ್ನೂ ಐದು ವರ್ಷ ಓಡ್ತದೆ. ಆದ್ರೆ ವಿಂಡೋಸ್ ಹೊಸತಾಗಿ ಹಾಕ್ಬೇಕು. ಹಳೆ ಸೆಟ್ಟಿಂಗ್ ಎಂತಾದ್ರೂ ಉಂಟಾ?"

"ಒಂದು ಪ್ರೋಗ್ರಾಂ ಉಂಟು, ಪೆನ್‌ಡ್ರೈವಲ್ಲಿ ತಂದಿದ್ದೇನೆ. ಬೇರೆಂತ ಇಲ್ಲ," ಎಂದರು ತ್ಯಾಂಪಣ್ಣ.

ಬೇರೆ ಒಂದು ಇತ್ತು. ಅವರ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟ ಕೋಣೆಯ ಪಕ್ಕದಲ್ಲೇ ರಬ್ಬರ್ ಶೀಟಿಗೆ ಹೊಗೆ ಹಾಕುತ್ತಾರೆ. ಮಸಿ, ಹಲ್ಲಿ, ಇರುವೆಗಳ ಕಾಟಕ್ಕೆ ಸಂಜೆಯಾದರೆ ಮುಚ್ಚಳ ಮುಚ್ಚಿ, ಹೆಂಡತಿ ಚೆನ್ನುವಿನ ಹಳೆ ಸೀರೆಯ ತುಂಡು ಹೊದೆಸುವುದು ರೂಢಿ. ಮುಚ್ಚಿದರೂ ಲ್ಯಾಪ್‌ಟಾಪ್ ಎಚ್ಚರವಾಗಿರುವಂತೆ ಇಂಜಿನಿಯರ್ ಹಿಂದೆ ಸೆಟ್ಟಿಂಗ್ ಮಾಡಿದ್ದರು. ಹಳೆ ಡಿಸ್ಕಿನ ಜೊತೆ ಅದೂ ಹೋಯಿತು. ಮುಚ್ಚಿದರೆ ಹೊಸ ವಿಂಡೋಸ್ ನಿದ್ರೆಗೆ ಹೋಗುತ್ತದೆಂದು ಇಮ್ತಿಯಾಝ್‌ಗೆ ಗೊತ್ತಿತ್ತು, ಇವರು ಮುಚ್ಚಿಡುತ್ತಾರೆಂದು ಗೊತ್ತಿರಲಿಲ್ಲ. ಮುಚ್ಚಿಡುವುದು ಇವರಿಗೆ ಗೊತ್ತಿತ್ತು, ಅದು ಹೇಳಬೇಕಾದ ವಿಷಯವೆಂದು ಹೊಳೆಯಲಿಲ್ಲ.

ಲ್ಯಾಪ್‌ಟಾಪ್ ಬಂದ ದಿನ ಮಧ್ಯಾಹ್ನ ಪರೀಕ್ಷೆ. ಆನೆಯನ್ನು ಎಲ್ಲಿಂದ ತರುವುದು? ನಾಲ್ಕು ಜನ ಕಪ್ಪು ಟಾರ್ಪಾಲು ಹೊದ್ದು ಕ್ಯಾಮರಾದ ಎದುರು ನಡೆದರು. ಮುಂದಿನ ಕಾಲು ದಮಯಂತಿಯೇ. ಅವರು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಸೈರನ್ ಕೂಗಿತು. ಮನೆಯಲ್ಲಿ ನಾವೆಲ್ಲ ತೆರೆದ ಲ್ಯಾಪ್‌ಟಾಪಿನ ಸುತ್ತ ನಿಂತು ಚಪ್ಪಾಳೆ ತಟ್ಟಿದೆವು. "ಇನ್ನು ಹೆದರಿಕೆ ಇಲ್ಲ," ಎಂದು ದಮಯಂತಿ ಚೆನ್ನು ಕೊಟ್ಟ ಚಹಾ ಕುಡಿದು ಹೋದಳು.

ಅಂದು ಸಂಜೆ ತ್ಯಾಂಪಣ್ಣ ಎಂದಿನಂತೆ ಮುಚ್ಚಳ ಮುಚ್ಚಿದರು. ಹೊಸದಾಗಿದೆಯಲ್ಲ, ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಹೊದೆಸಿದರು.

ಬೆಳಿಗ್ಗೆ ಆರೂವರೆಗೆ ಡೈರಿಗೆ ಹಾಲು ಕೊಡಲು ಹೊರಟ ನೆರೆಮನೆಯ ಪೋಕರ್ ಬೊಬ್ಬೆ ಹೊಡೆದದ್ದು ಕೇಳಿ ನಾನು ಓಡಿದೆ. ದಮಯಂತಿ ಸಾಲಿನ ಮೂರನೆಯ ಮರದ ಬುಡದಲ್ಲಿದ್ದಳು. ಹಣೆಗೆ ಕಟ್ಟಿದ್ದ ಲೈಟು ಸ್ವಲ್ಪ ದೂರದಲ್ಲಿ ಬಿದ್ದು ಇನ್ನೂ ಉರಿಯುತ್ತಿತ್ತು. ಅವಳೇ ಗೀರಿದ ಎರಡು ಮರಗಳ ಹಾಲು ಚಿಪ್ಪಿಗೆ ತೊಟ್ಟಿಕ್ಕುತ್ತಲೇ ಇತ್ತು. ತ್ಯಾಂಪಣ್ಣನಿಗೆ ಫೋನ್ ಮಾಡಿ ಕಿರುಚಿದೆ, "ಸೈರನ್ ಯಾಕೆ ಕೂಗ್ಲಿಲ್ಲ?"

ಅವರು ಸೀರೆ ಎಳೆದು ಬಿಸಾಡಿ ಮುಚ್ಚಳ ಎತ್ತಿದರಂತೆ. ಲ್ಯಾಪ್‌ಟಾಪ್ ಎಚ್ಚರವಾಯಿತು, ಕ್ಯಾಮರಾದಲ್ಲಿ ಕಾದಿದ್ದ ಫೋಟೋಗಳನ್ನು ಎಳೆದುಕೊಂಡಿತು. ನಾವು ಹೆಣದ ಸುತ್ತ ನಿಂತಿದ್ದಾಗ ಸೈರನ್ ಕೂಗತೊಡಗಿತು. ಒಂದು ಫೋಟೋಗೆ ಒಂದು ಸಲ, ಹನ್ನೊಂದು ಸಲ ಕೂಗಿತು. ಅಷ್ಟು ಬೇಗ ಅದು ಎಂದೂ ಕೆಲಸ ಮಾಡಿರಲಿಲ್ಲ.

ಕ್ಯಾಮರಾ ಹಾಳಾಗಿತ್ತು ಎಂದಿದ್ದರೆ ಊರು ನಂಬುತ್ತಿತ್ತು. ತ್ಯಾಂಪಣ್ಣ ಹಾಗೆ ಹೇಳಲಿಲ್ಲ. ಹೆಣ ಎತ್ತುವ ಮೊದಲೇ ದಮಯಂತಿಯ ಮಗಳು ದೀಕ್ಷಿತಾಳ ಎದುರು ನಿಂತು, "ನಾನು ಮುಚ್ಚಿಟ್ಟಿದ್ದೆ ಮಗಾ," ಎಂದರು. ನಾನು ಗರ್ನಾಲಿನ ವಿಷಯ ಬಾಯಿಬಿಡಲಿಲ್ಲ. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಇಮ್ತಿಯಾಝ್ ಸುಳ್ಯದಿಂದ ಬಂದು ಸೆಟ್ಟಿಂಗ್ ಸರಿ ಮಾಡಿದ. ಇನ್ನು ಮುಚ್ಚಿದರೂ ನಿದ್ರೆ ಹೋಗುವುದಿಲ್ಲ ಎಂದು ಹತ್ತು ಸಲ ಹೇಳಿದ. ತ್ಯಾಂಪಣ್ಣ ಆಮೇಲೆ ಮುಚ್ಚಿಲ್ಲ. ಬೆಳಗಾಗುವ ಮೊದಲೇ ಎದ್ದು ಅದರ ಎದುರು ಕುಳಿತು, ಕೀಲಿಗಳ ಮೇಲೆ ಹರಿಯುವ ಇರುವೆಗಳನ್ನು ಕೋಳಿಗರಿಯಿಂದ ಗುಡಿಸುತ್ತಿರುತ್ತಾರೆ.

ಆ ಮರಗಳನ್ನು ಈಗ ದೀಕ್ಷಿತಾ ಟ್ಯಾಪಿಂಗ್ ಮಾಡುತ್ತಾಳೆ. ಗರ್ನಾಲು ನಾನೇ ಒಯ್ದು ಹೊಡೆಯುತ್ತೇನೆ, ಜೊತೆಗೆ ಇನ್ನೊಬ್ಬಳು ಹೋಗುತ್ತಾಳೆ. ಆದರೂ ಮೋರಿ ದಾಟುವ ಮೊದಲು ಅವಳು ದಿನಾ ತ್ಯಾಂಪಣ್ಣನಿಗೆ ಫೋನ್ ಮಾಡುತ್ತಾಳೆ.

"ಮಾವ, ತೆರೆದುಂಟಾ?"

"ತೆರೆದುಂಟು ಮಗಾ."

ಅವಳು ಫೋನ್ ಇಡುತ್ತಾಳೆ. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಅವಳು ಅವರ ಹತ್ತಿರ ಈವರೆಗೆ ಆಡಿಲ್ಲ.