ರೇಡಿಯೇಟರಿನಲ್ಲಿ ಬೆಂದ ಅಕ್ಷತೆ

ಶಿವರಾಂಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ ರುದ್ರಸ್ವಾಮಿಯವರಿಗೆ ಕೋಪ ಬರುವ ಮುಂಚೆ ಎಡಗಿವಿ ಕೆಂಪಾಗುತ್ತಿತ್ತು. ಆ ಕಿವಿ ನೋಡಿ ಗಿರಾಕಿಗಳು ಚೌಕಾಸಿ ನಿಲ್ಲಿಸುತ್ತಿದ್ದರು. ಲಕ್ಷ್ಮೀಪುರಂನ ಅವರ ಬೀದಿಯ ಹಾಲಿನವನು ಕಿವಿ ನೋಡಿಕೊಂಡೇ ಬಾಕಿ ಕೇಳಬೇಕೋ ಬೇಡವೋ ಅಂತ ತೀರ್ಮಾನಿಸುತ್ತಿದ್ದ. ಐವತ್ತೆರಡು ವರ್ಷ ಸೇವೆ ಸಲ್ಲಿಸಿದ ಆ ಕಿವಿ ತೊಂಬತ್ತೇಳನೇ ಇಸವಿಯ ಏಪ್ರಿಲ್ ತಿಂಗಳ ಒಂದು ಸೋಮವಾರ ಸಂಜೆ ಆದಷ್ಟು ಕೆಂಪು ಹಿಂದೆಂದೂ ಆಗಿರಲಿಲ್ಲ.

ಆ ಸಂಜೆ ಅವರ ಕಾರು ಮನೆಗೆ ಬಂತು. ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು ಬಂತು. ಬಾನೆಟ್ಟಿನ ಮೇಲೆ ಒಣಗಿದ ಮಾವಿನೆಲೆಯ ತೋರಣ, ಗಾಜಿನ ಮೇಲೆ ಮೂರು ಪಟ್ಟೆ ವಿಭೂತಿ. ಒಳಗೆ ಸ್ಟೀರಿಂಗ್ ಹಿಡಿದು ಕೂತಿದ್ದವನು ಅವರ ಹೆಂಡತಿಯ ತಮ್ಮ ಸಿದ್ದಲಿಂಗಸ್ವಾಮಿ.

"ಏನೂ ಆಗಿಲ್ಲ ಭಾವ, ಸ್ವಲ್ಪ ಬಿಸಿಯಾಗಿತ್ತು ಅಷ್ಟೇ," ಅಂದ ಅವನು, ಇಳಿಯುತ್ತಲೇ.

ಆ ಕಾರಿನ ಮಹಿಮೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ರುದ್ರಸ್ವಾಮಿಯವರ ತಂದೆ ಲಿಂಗಯ್ಯ ನಂಜನಗೂಡಿನ ಕಡೆಯ ಊರೂರು ತಿರುಗಿ, ತಲೆಯ ಮೇಲೆ ಪಾತ್ರೆ ಹೊತ್ತು ಮಾರಿದವರು. ಮಗ ಹದಿನಾಲ್ಕನೇ ವಯಸ್ಸಿಗೆ ಮೈಸೂರಿಗೆ ಬಂದು ಇನ್ನೊಬ್ಬರ ಅಂಗಡಿಯ ಬಾಗಿಲಲ್ಲಿ ಪಾತ್ರೆಗಳ ಮೇಲೆ ಹೆಸರು ಹಾಕುವ ಮೆಷಿನ್ ಹಿಡಿದು ಕೂತ. ಹತ್ತು ವರ್ಷ ಈ ಊರಿನ ಮದುಮಕ್ಕಳ ಚೊಂಬು, ತಟ್ಟೆ, ಕೊಳಗಗಳ ಮೇಲೆಲ್ಲ ಅವನದೇ ಕೈಬರಹ. ಆಮೇಲೆ ಸ್ವಂತ ಅಂಗಡಿ, ಸ್ವಂತ ಮನೆ. ತೊಂಬತ್ತಮೂರರಲ್ಲಿ, ಸರಸ್ವತಿಪುರಂನ ನಿವೃತ್ತ ಡಾಕ್ಟರೊಬ್ಬರಿಂದ ಕೊಂಡ ಕೆನೆ ಬಣ್ಣದ ಸೆಕೆಂಡ್‌ಹ್ಯಾಂಡ್ ಕಾರು. ಎರಡೂ ಕಡೆಯ ನೆಂಟರಲ್ಲಿ ಅದೇ ಮೊದಲನೆಯ ಕಾರು. ಆದ್ದರಿಂದ ಅದು ಎಲ್ಲರ ಕಾರು.

ಸೀಮಂತವಾದರೆ ಕಾರು, ಹೆಣ್ಣು ನೋಡಲು ಕಾರು, ಬಾಣಂತಿಯನ್ನು ಕರೆತರಲು ಕಾರು. ಕೇಳಲು ಬಂದವರು ಮೊದಲು ರುದ್ರಸ್ವಾಮಿಯವರ ಮಂಡಿನೋವು ವಿಚಾರಿಸುತ್ತಿದ್ದರು, ಆಮೇಲೆ ಅಂಗಡಿಯ ವ್ಯಾಪಾರ, ಕೊನೆಗೆ ಕಾರು. ಮಂಡಿಯ ಸುದ್ದಿ ಬಂದ ಕೂಡಲೇ ಅವರು ಬೀಗದ ಕೈ ಹುಡುಕತೊಡಗುತ್ತಿದ್ದರು. ಹೋದ ಕಾರು ಒಂದು ಗೀರು, ಒಂದು ತಗ್ಗು ತರುತ್ತಿತ್ತು. ಅವರು ಯಾರನ್ನೂ ಒಂದು ಪೈಸೆ ಕೇಳಿದವರಲ್ಲ. ಕೇಳದೇ ಇದ್ದದ್ದನ್ನು ಮಾತ್ರ ಹೆಂಡತಿ ಪ್ರೇಮಲೀಲಮ್ಮನ ಎದುರು ದಿನಾಂಕದ ಸಮೇತ ಒಪ್ಪಿಸುತ್ತಿದ್ದರು.

ಈ ಸಲ ಶ್ರೀರಾಂಪುರದಲ್ಲಿ ಸಿದ್ದಲಿಂಗನ ಹೊಸ ಮನೆಯ ಗೃಹಪ್ರವೇಶ. ಭಾನುವಾರ ಮಠದ ಸ್ವಾಮಿಗಳನ್ನು ಕರೆತಂದು, ಪೂಜೆ ಮುಗಿಸಿ, ಮತ್ತೆ ಮಠಕ್ಕೆ ಬಿಟ್ಟುಬರಲು ಕಾರು ಬೇಕಿತ್ತು. ಸ್ವಾಮಿಗಳ ಹೆಸರು ಹೇಳಿದ ಮೇಲೆ ಇಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ?

ಮಂಗಳವಾರ ಬೆಳಗ್ಗೆ ಅಗ್ರಹಾರದ ಹಿಂದಿನ ಶೆಡ್ಡಿನಲ್ಲಿ ಮೆಕ್ಯಾನಿಕ್ ಮೂಗಯ್ಯ ರೇಡಿಯೇಟರ್ ಬಿಚ್ಚಿದ. ಬಗ್ಗಿ ನೋಡಿದ. ಮೂಸಿ ನೋಡಿದ. ಒಂದು ಕಡ್ಡಿಯಿಂದ ಕೆದಕಿ, ಹೊರಗೆ ಬಂದದ್ದನ್ನು ಅಂಗೈಯಲ್ಲಿ ಹಿಡಿದು ನಿಂತ.

"ಸ್ವಾಮ್ಯೋರೆ, ನಾನು ಇಪ್ಪತ್ತೆರಡು ವರ್ಷದಿಂದ ಗಾಡಿ ಬಿಚ್ತಿದೀನಿ. ರೇಡಿಯೇಟ್ರಲ್ಲಿ ತುಕ್ಕು ನೋಡಿದೀನಿ, ಪಾಚಿ ನೋಡಿದೀನಿ. ಅನ್ನ ನೋಡ್ತಿರೋದು ಇದೇ ಫಸ್ಟು."

"ಅನ್ನ?"

"ಅನ್ನನೇ. ಚೆನ್ನಾಗಿ ಬೆಂದ್ಬುಟ್ಟಿದೆ. ಒಂಚೂರು ಅರಿಶಿನ ಜಾಸ್ತಿ ಆಗಿದೆ ಅಷ್ಟೇಯ."

ಅನ್ನದ ಹಿಂದೆ ಎರಡು ಬಿಲ್ವಪತ್ರೆ, ಒಂದು ಸೇವಂತಿಗೆ ಎಸಳು ಬಂದವು. ರುದ್ರಸ್ವಾಮಿಯವರ ಕಿವಿ ಈಗ ಬಣ್ಣದ ಎಲ್ಲೆ ಮೀರಿ ಬಿಸಿಯಾಯಿತು.

ವಿಚಾರಣೆಯಲ್ಲಿ ತಿಳಿದುಬಂದದ್ದು ಇಷ್ಟು. ಭಾನುವಾರ ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ, ಮಾನಂದವಾಡಿ ರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ ಸ್ವಾಮಿಗಳು ಕೂತಿರುವಾಗಲೇ ಕಾರು ಕುದಿಯಿತು. ಪಕ್ಕದಲ್ಲೇ ಒಂದು ಕಟ್ಟೆ, ತುಂಬ ನೀರು. ಆದರೆ ಅದರಲ್ಲಿ ನಾಲ್ಕು ಎಮ್ಮೆ. ಸ್ವಾಮಿಗಳು ಕೂತ ಗಾಡಿಗೆ ಎಮ್ಮೆ ಮಿಂದ ನೀರು ಹಾಕುವುದೇ? ಸಿದ್ದಲಿಂಗನ ಭಕ್ತಿ ಒಪ್ಪಲಿಲ್ಲ. ಡಿಕ್ಕಿಯಲ್ಲಿ ಗೃಹಪ್ರವೇಶದ ಕಳಶಗಳ ನೀರು ಇತ್ತು. ಉಳಿದ ಆ ನೀರನ್ನು ಮಠದ ಬಿಲ್ವದ ಮರದ ಬುಡಕ್ಕೆ ಹಾಕಲೆಂದು ಒಂದು ದೊಡ್ಡ ಬಿಂದಿಗೆಗೆ ತುಂಬಿಕೊಂಡಿದ್ದರು. ಬೆಳಗಿನಿಂದ ನೂರಿಪ್ಪತ್ತು ಜನ ನೆಂಟರು ಆ ಕಳಶಗಳಿಗೆ ಅಕ್ಷತೆ ಹಾಕಿದ್ದರು. ಸಿದ್ದಲಿಂಗ ಬಿಂದಿಗೆಯೆತ್ತಿ, ಬೆಂಕಿಯಂತೆ ಕಾದಿದ್ದ ಇಂಜಿನ್ನಿನ ರೇಡಿಯೇಟರಿಗೆ ತಣ್ಣಗಿನ ಮಂಗಳ ಜಲವನ್ನು ಅಕ್ಷತೆ ಸಮೇತ ಸುರಿದುಬಿಟ್ಟ. ಟಣ್ ಅಂತ ಒಂದು ಶಬ್ದ ಬಂತಂತೆ. "ಶುಭ ಶಕುನ ಅಂದ್ಕೊಂಡ್ವಿ ಭಾವ," ಅಂದ. ಶುಭ ಶಕುನವಾಗಿದ್ದದ್ದು ಇಂಜಿನ್ನಿನ ಮೇಲ್ಭಾಗದ ಹೆಡ್ಡು ಬಿರುಕು ಬಿಟ್ಟ ಶಬ್ದ. ಆಮೇಲೂ ಎಂಟು ಮೈಲಿ, ಕಾರು ಪೂರ್ತಿ ನಿಂತುಹೋಗುವವರೆಗೆ, ಓಡಿಸಿದರು. ಅಕ್ಕಿ ಬೆಂದದ್ದು ಆವಾಗ.

ಮೂಗಯ್ಯ ಹೇಳಿದ ಒಟ್ಟು ಖರ್ಚು ಒಂಬತ್ತು ಸಾವಿರದ ಇನ್ನೂರು ರೂಪಾಯಿ.

ರುದ್ರಸ್ವಾಮಿ ಕಾದರು. ಭಾಮೈದ ತಾನಾಗಿ ಬಂದು "ಭಾವ, ನನ್ನ ಪಾಲು ಎಷ್ಟು?" ಅನ್ನಲಿ ಅಂತ ಬುಧವಾರ ಕಾದರು, ಗುರುವಾರ ಕಾದರು. ಅವರಿಗೆ ಬೇಕಿದ್ದದ್ದು ಆ ಒಂದು ಮಾತು. ತಾವಾಗಿ ಕೇಳಿದರೆ ಹೆಂಡತಿಯ ತವರಿನಲ್ಲಿ ಕಾಸಿಗೆ ಕೈಚಾಚಿದ ಹಾಗಾಗುತ್ತದೆ. ಕೇಳದಿದ್ದರೆ ಇನ್ನು ಸಾಯುವವರೆಗೆ ಊರವರ ಅಕ್ಕಿ ತಮ್ಮ ರೇಡಿಯೇಟರಿನಲ್ಲಿ ಬೇಯುತ್ತದೆ.

ಶುಕ್ರವಾರ ಒಂದು ಕವರು ಬಂತು. ಜೊತೆಗೆ ತೆಂಗಿನಕಾಯಿ, ಎಲೆ ಅಡಿಕೆ. ಕವರಿನೊಳಗೆ ಐನೂರ ಒಂದು ರೂಪಾಯಿ.

"ಮುಯ್ಯಿ!" ರುದ್ರಸ್ವಾಮಿ ಹಾಲ್‌ನ ಮಧ್ಯೆ ನಿಂತು ಗರ್ಜಿಸಿದರು. "ನೋಡೇ, ನಿನ್ನ ತಮ್ಮ ನನ್ನ ಕಾರಿಗೆ ಮುಯ್ಯಿ ಹಾಕಿದಾನೆ! ಕಾರಿಗೇನು ಮದುವೇನಾ? ನಾಮಕರಣಾನಾ?"

"ಕಿರುಚಬೇಡಿ ರೀ. ಅವನಿಗೆ ಗೊತ್ತಾಗಿರಲ್ಲ," ಅಂದರು ಪ್ರೇಮಲೀಲಮ್ಮ.

"ಗೊತ್ತಾಗದೇ ಇರೋಕೆ ಅವನೇನು ಎಳೆ ಮಗುವಾ? ಒಂದು ರೂಪಾಯಿ ಸೇರಿಸಿ ಕಳಿಸಿದಾನೆ! ಆ ಒಂದು ರೂಪಾಯಿ ಯಾವ ಸ್ಕ್ರೂಗಂತೆ ಕೇಳು!"

ಪ್ರೇಮಲೀಲಮ್ಮ ಕವರನ್ನು ಹಾಗೇ ವಾಪಸ್ಸು ಕೊಡಲೆಂದು ಎತ್ತಿಟ್ಟರು. ಅವರಿಗೆ ಇದ್ದದ್ದು ಒಬ್ಬನೇ ತಮ್ಮ, ಅವನ ಮನೆಯೇ ತವರು. ಆದರೆ ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಗಂಡನ ಕೋಪದಲ್ಲಿ ಯಾವುದು ಗಾಳಿ, ಯಾವುದು ನೋವು ಅನ್ನುವುದು ತಿಳಿದಿತ್ತು. "ನಾಳೆ ಅವನನ್ನು ಶೆಡ್ಡಿಗೇ ಕರೆಸ್ತೀನಿ. ಅಲ್ಲೇ ಮಾತಾಡಿ. ನಾನೂ ಬರ್ತೀನಿ," ಅಂದರು.

ಹೀಗೆ ಶನಿವಾರ ಹತ್ತು ಗಂಟೆಗೆ ಅಗ್ರಹಾರದ ಆ ಶೆಡ್ಡು ರಣರಂಗವಾಯಿತು. ಒಂದು ಕಡೆ ರುದ್ರಸ್ವಾಮಿ, ಸಾಕ್ಷಿಗೆಂದು ಸಾಸರಿನಲ್ಲಿ ಇಟ್ಟ ಹಳದಿ ಅನ್ನದ ಹಿಂದೆ. ಇನ್ನೊಂದು ಕಡೆ ಸಿದ್ದಲಿಂಗ, ಇಸ್ತ್ರಿ ಮಾಡಿದ ಅಂಗಿಗೆ ಗ್ರೀಸ್ ತಾಗದ ಹಾಗೆ ಕೈ ಕಟ್ಟಿಕೊಂಡು.

"ನೋಡೋ ಸಿದ್ದು, ನಿನ್ನ ಗೃಹಪ್ರವೇಶದ ಚಿತ್ರಾನ್ನ."

"ಹಳೇ ಕಾರು ಭಾವ. ಇವತ್ತಲ್ಲ ನಾಳೆ ಕೆಡ್ತಿತ್ತು. ನನ್ನ ಕೈಲಿದ್ದಾಗ ಕೆಡ್ತು, ಅದು ನನ್ನ ಹಣೆಬರಹ."

"ಹಣೆಬರಹಕ್ಕೆ ಮೂಗಯ್ಯ ಬಿಲ್ಲು ಕೊಡಲ್ಲ ಕಣೋ!"

"ನೀವು ಕೊಡುವಾಗಲೇ ನೀರಿನ ಪಂಪು ಸೋರ್ತಿತ್ತಂತಲ್ಲ? ಮೂಗಯ್ಯನೇ ಹೇಳ್ದ."

ರುದ್ರಸ್ವಾಮಿ ಮೂಗಯ್ಯನ ಕಡೆ ತಿರುಗಿದರು. ಅವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಸುಳ್ಳು ಹೇಳಕಾಯ್ತದಾ ಸ್ವಾಮಿ? ದಸರಾ ಟೈಮಲ್ಲೇ ನಿಮಗೆ ಹೇಳಿದ್ದೆ ಪಂಪು ಬದಲಾಯ್ಸಿ ಅಂತ. ಬೇಡ, ಡಿಕ್ಕಿಲಿ ಒಂದು ಕ್ಯಾನ್ ನೀರಿಟ್ಕೊತೀನಿ ಅಂದ್ರಿ," ಅಂದ. ಆಮೇಲೆ ನಿಜವಾದ ಕುತೂಹಲದಿಂದ ಕೇಳಿದ: "ಹೌದು, ಆ ಕ್ಯಾನ್ ಎಲ್ಲೋಯ್ತು? ಅದೊಂದು ಇದ್ದಿದ್ರೆ ಈ ರಾಮಾಯಣನೇ ಇರ್ತಿರ್ಲಿಲ್ಲ."

ಕ್ಯಾನು ಲಕ್ಷ್ಮೀಪುರಂನ ಮನೆಯ ಅಟ್ಟದಲ್ಲಿತ್ತು. ಅದು ಹತ್ತು ಲೀಟರಿನ, ಗಟ್ಟಿ ಸ್ಟೀಲಿನ, ರುದ್ರಸ್ವಾಮಿಯವರೇ ಹೆಸರು ಕೆತ್ತಿದ ಕ್ಯಾನು. ಹಿಂದೊಮ್ಮೆ ಸಿದ್ದಲಿಂಗನ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋದ ದೊಡ್ಡ ಕೊಳಗ ಇನ್ನೂ ವಾಪಸ್ಸು ಬಂದಿರಲಿಲ್ಲ. ಗೃಹಪ್ರವೇಶದ ದಿನ ಈ ಕ್ಯಾನು ಕಣ್ಣಿಗೆ ಬಿದ್ದರೆ ಮಜ್ಜಿಗೆ ಬಡಿಸಲು ಹೋಗುತ್ತದೆ, ಹಾಗೇ ಶ್ರೀರಾಂಪುರದ ಪ್ರಜೆಯಾಗುತ್ತದೆ ಅಂತ ಹಿಂದಿನ ಶನಿವಾರ ಸಂಜೆ ಅವರೇ ಡಿಕ್ಕಿಯಿಂದ ತೆಗೆದು ಅಟ್ಟಕ್ಕೆ ಏರಿಸಿದ್ದರು. ಪಂಪು ಸೋರುವ ಮಾತನ್ನು ಹೇಳಲೂ ಇಲ್ಲ. ಹೇಳಿದರೆ ಕ್ಯಾನಿನ ಮಾತು ಬರುತ್ತಿತ್ತು.

ಅಟ್ಟಕ್ಕೆ ಏಣಿ ಹಿಡಿದುಕೊಂಡಿದ್ದವರು ಪ್ರೇಮಲೀಲಮ್ಮ. ಅವರು ಈಗ ಗಂಡನನ್ನು ನೋಡುತ್ತಿದ್ದರು.

'ಇತ್ತಲ್ಲಪ್ಪ, ಇವನೇ ಎಲ್ಲೋ ಕಳೆದಿರಬೇಕು' ಅನ್ನುವ ವಾಕ್ಯ ರುದ್ರಸ್ವಾಮಿಯವರ ನಾಲಿಗೆಯ ತುದಿಗೆ ಬಂದು, ಕೂತು, ಕಾಲು ಅಲ್ಲಾಡಿಸಿತು. ಅಂದುಬಿಟ್ಟರೆ ಗೆಲುವು. ಅಂದಮೇಲೆ ಏಣಿ ಹಿಡಿದವಳ ಜೊತೆ ಮನೆಗೆ ನಡೆದು ಹೋಗಬೇಕು.

"ನಾನೇ ತೆಗೆದಿಟ್ಟೆ ಕಣೋ!" ಅವರು ಕೂಗಿದ ಜೋರಿಗೆ ಪಕ್ಕದ ಪಂಕ್ಚರ್ ಅಂಗಡಿಯವನು ಎದ್ದು ನಿಂತ. "ನಾನೇ! ನೀವು ನುಂಗಿಬಿಡ್ತೀರಿ ಅಂತ ತೆಗೆದಿಟ್ಟೆ! ನನ್ನ ಕೊಳಗ ನುಂಗಿದ ಹಾಗೆ! ಪಂಪು ಸೋರ್ತಿತ್ತು, ಅದನ್ನೂ ಹೇಳ್ಲಿಲ್ಲ! ಏನೀಗ?"

ತಪ್ಪು ಒಪ್ಪಿಕೊಳ್ಳುವವರನ್ನು ಮೂಗಯ್ಯ ಕಂಡಿದ್ದ. ಹೊಡೆಯಲು ಬರುವ ಹಾಗೆ ಒಪ್ಪಿಕೊಳ್ಳುವವರನ್ನು ಕಂಡಿರಲಿಲ್ಲ.

ಸಿದ್ದಲಿಂಗ ಕಟ್ಟಿದ್ದ ಕೈ ಬಿಚ್ಚಿದ. "ಅಲ್ಲಿಗೆ ಆಯ್ತಲ್ಲ ಭಾವ. ಎಲ್ಲಾ ನಿಮ್ಮ ಲೆಕ್ಕಕ್ಕೇ ಬಂತು."

"ಎಲ್ಲಾ?" ಕಿವಿ ಮತ್ತೆ ಹೊತ್ತಿಕೊಂಡಿತು. "ನಾನೇನೋ ಅಕ್ಕಿ ಹಾಕು ಅಂದೆ?"

"ಸಾಕು ನಿಲ್ಸಿ ಇಬ್ರೂ!" ಅಂದರು ಪ್ರೇಮಲೀಲಮ್ಮ. ಅವರ ದನಿ ಜೋರಾಗಿರಲಿಲ್ಲ, ಆದರೆ ಅದರಲ್ಲಿದ್ದ ಸಿಟ್ಟು ಇಬ್ಬರದ್ದಕ್ಕಿಂತ ಹಳೆಯದು. "ಮೂಗಯ್ಯ, ಒಟ್ಟು ಹೇಳಬೇಡಪ್ಪ. ಯಾವುದಕ್ಕೆ ಎಷ್ಟು, ಬಿಡಿಸಿ ಹೇಳು."

ಮೂಗಯ್ಯ ಸೀಮೆಸುಣ್ಣ ತಗೊಂಡು ಶೆಡ್ಡಿನ ತಗಡಿನ ಮೇಲೆ ಬರೆದ. ಪಂಪಿಗೆ ಒಂದು ಸಾವಿರ. ರೇಡಿಯೇಟರಿಗೆ ಎರಡು ಸಾವಿರದ ಇನ್ನೂರು. ಹೆಡ್ಡಿನ ಕೆಲಸಕ್ಕೆ ಆರು ಸಾವಿರ.

"ಪಂಪು ಮೊದಲೇ ಕೆಟ್ಟಿತ್ತು. ಅದು ನಮ್ಮದು. ಸಿದ್ದು, ಅಕ್ಕಿ ನೀನು ಹಾಕಿದ್ದು, ರೇಡಿಯೇಟರ್ ನಿಂದು. ಇನ್ನು ಹೆಡ್ಡು. ಇವರು ನೀರು ಇಡ್ಲಿಲ್ಲ, ಹೇಳ್ಲೂ ಇಲ್ಲ. ನೀನು ಗಾಡಿ ಆರೋವರೆಗೂ ಕಾಯ್ಲಿಲ್ಲ, ಟಣ್ ಅಂದ ಮೇಲೂ ಓಡಿಸ್ದೆ. ಅರ್ಧ ಅರ್ಧ."

"ಅಕ್ಕ, ಅದು ಪೂಜೆ ನೀರು ಕಣಕ್ಕ..."

"ಪೂಜೆ ನೀರು ಮರದ ಬುಡಕ್ಕೆ ಹೋಗ್ಬೇಕಿತ್ತು. ಎಮ್ಮೆ ಮಿಂದ್ರೆ ನೀರು ಹಾಳಾಗಲ್ಲ, ಸೋಸಿ ಹಾಕಿದ್ರೆ ಸ್ವಾಮಿಗಳು ಸಂಜೆಗೆ ಮಠ ಸೇರ್ತಿದ್ರು. ನಿನ್ನ ಪಾಲು ಐದು ಸಾವಿರದ ಇನ್ನೂರು. ಇನ್ಮೇಲೆ ಕಾರು ಕೊಡೋರು ಅದರ ರೋಗ ಎಲ್ಲಾ ಹೇಳಿ ಕೊಡ್ಲಿ. ತಗೊಳ್ಳೋರು ಕೆಡಿಸಿದ್ದಕ್ಕೆ ದುಡ್ಡು ಕೇಳಿಸಿಕೊಳ್ಳದೇ ತಾವೇ ಕೊಡ್ಲಿ. ಇದು ಎರಡು ಮನೆಗೂ."

ಸಿದ್ದಲಿಂಗ ತಗಡಿನ ಮೇಲಿನ ಅಂಕಿಗಳನ್ನು ಬಹಳ ಹೊತ್ತು ನೋಡಿದ. ತಪ್ಪು ಸಿಗಲಿಲ್ಲ. "ಒಂದನೇ ತಾರೀಕು ಸಂಬಳ ಆಗುತ್ತೆ," ಅಂದವನೇ ಬೈಕ್ ಹತ್ತಿ ಹೋದ. ಅಕ್ಕನಿಗೂ ಹೇಳಿ ಹೋಗಲಿಲ್ಲ.

ಒಂದನೇ ತಾರೀಕು ಬರುವವರೆಗಿನ ಆ ಹತ್ತು ಹನ್ನೆರಡು ದಿನ ರುದ್ರಸ್ವಾಮಿಯವರಿಗೆ ಊಟ ಸೇರಲಿಲ್ಲ. ನ್ಯಾಯ ಸಿಕ್ಕಿದೆ, ಆದರೂ ಕಿವಿ ಆರುತ್ತಿಲ್ಲ. ಪ್ರೇಮಲೀಲಮ್ಮ ಫೋನಿನ ಹತ್ತಿರ ಸುಳಿದಾಡುವುದನ್ನು ನೋಡಿದಾಗಲೆಲ್ಲ ಭಾಮೈದನನ್ನು ಹೊಸದಾಗಿ ಬೈಯುತ್ತಿದ್ದರು.

ಎರಡನೇ ತಾರೀಕು ಬೆಳಗ್ಗೆ ಸಿದ್ದಲಿಂಗ ಮನೆಗೆ ಬಂದ. ಚಪ್ಪಲಿ ಬಿಡಲಿಲ್ಲ. ಹೊಸಲಿನಾಚೆಯಿಂದಲೇ ಹಣ ಚಾಚಿದ. "ಎಣಿಸಿಕೊಳ್ಳಿ ಭಾವ."

ರುದ್ರಸ್ವಾಮಿ ಹಣ ತಗೊಂಡರು. ಎಣಿಸಿದರು. ಸರಿಯಾಗಿತ್ತು. ಸಿದ್ದಲಿಂಗ ಹೊರಟ.

"ಎಲ್ಲಿಗೋ?" ಬೀದಿಗೆಲ್ಲ ಕೇಳುವ ಹಾಗೆ ಅವರು ಅರಚಿದರು. "ಪಾಲು ಕೊಟ್ಟವನು ಕಾಫಿ ಕುಡೀಬಾರದು ಅಂತ ಎಲ್ಲಿ ಬರ್ದಿದೆಯೋ? ಅದಕ್ಕೂ ಅರ್ಧ ಕೇಳ್ತೀನಿ ಅಂದ್ಕೊಂಡ್ಯಾ? ಒಳಗೆ ನಿನ್ನ ಅಕ್ಕ ಹತ್ತು ದಿನದಿಂದ ಒಲೆ ಮುಂದೆ ಮುಖ ಊದಿಸ್ಕೊಂಡು ಕೂತಿದಾಳೆ, ಅದನ್ನ ರಿಪೇರಿ ಮಾಡೋನು ಯಾರೋ?"

ಸಿದ್ದಲಿಂಗ ಗೇಟಿನ ಹತ್ತಿರ ನಿಂತ. ವಾಪಸ್ಸು ಬಂದ. ಚಪ್ಪಲಿ ಬಿಟ್ಟ. ಕುರ್ಚಿಯ ತುದಿಯಲ್ಲಿ, ಯಾವ ಕ್ಷಣದಲ್ಲೂ ಎದ್ದು ಹೋಗಬಲ್ಲವನಂತೆ ಕೂತ. ಪ್ರೇಮಲೀಲಮ್ಮ ತಂದ ಕಾಫಿಯನ್ನು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ.

"ಸಕ್ಕರೆ ಇಲ್ಲವಲ್ಲಕ್ಕ ಇದಕ್ಕೆ."

"ನಮ್ಮನೇಲಿ ಕಾಫಿ ಇಷ್ಟೇ ಸಿಹಿ," ಅಂದರು ರುದ್ರಸ್ವಾಮಿ. "ಪಾಯಸ ಬೇಕಿದ್ರೆ ಮದುವೆ ಮನೆಗೆ ಹೋಗು."

"ಭಾವ, ಇಪ್ಪತ್ತಾರು ವರ್ಷದಿಂದ ನಿಮ್ಮನೆ ಕಾಫಿ ಹಿಂಗೇ ಇದೆ. ಸುಮ್ನೆ ಕುಡಿದು ಹೋಗ್ತಿದ್ದೆ."

"ಹೇಳಕ್ಕೇನಾಗಿತ್ತೋ ಬಾಯಿಗೆ?"

ಸಕ್ಕರೆ ಡಬ್ಬಿ ತರಲು ಪ್ರೇಮಲೀಲಮ್ಮ ಒಳಗೆ ಹೋದರು. ಹಾಲ್‌ನಲ್ಲಿ ಜಗಳ ಏರತೊಡಗಿತ್ತು. ಅವರು ಅವಸರ ಮಾಡಲಿಲ್ಲ.