ಗಟ್ಟಿಯಾಗಿ ಓದಿದ ಹುಡುಗಿ

ಇಳಕಲ್ಲಿನ ನಮ್ಮ ಮಹಿಳಾ ಮಂಡಳದ ಹೆಸರೆತ್ತಿದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಮಂಡಳ ಕೆಟ್ಟದ್ದಾಗಿತ್ತು ಅಂತಲ್ಲ. ಒಳ್ಳೆಯದೇ ಆಗಿತ್ತು, ಅದೇ ಸಂಕಟ. ಕೆಟ್ಟದ್ದಾಗಿದ್ದರೆ ನಾಲ್ಕು ಮಾತು ಬೈದು, ಎದ್ದು ಬಂದು ಮರೆತುಬಿಡಬಹುದಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತು. ನಾನು ಮೆಟ್ರಿಕ್ ಮುಗಿಸಿ, ಮದುವೆ ಒಲ್ಲೆ ಎಂದು ಹಟ ಹಿಡಿದು ಮನೆಯಲ್ಲಿ ಕೂತಿದ್ದೆ. ಶಾಲೆ ಬಿಟ್ಟ ನೇಕಾರರ ಹೆಣ್ಣುಮಕ್ಕಳಿಗಾಗಿ ಮಂಡಳ ಮಧ್ಯಾಹ್ನದ ತರಗತಿ ತೆರೆದಾಗ ಕಲಿಸಲು ನನ್ನನ್ನು ಕರೆದರು. ಕರೆದವರು ಅಧ್ಯಕ್ಷೆ. ನೂಲಿನ ವ್ಯಾಪಾರದ ದೊಡ್ಡ ಮನೆತನದ ಹೆಂಗಸು, ಊರಿಗೆಲ್ಲ ಅವ್ವಾರು. ಶರಣರ ನಾಡಿನಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಭಾಷಣ ಶುರು ಮಾಡಿದರೆ ಎದುರು ಕೂತವರು ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು, ಅಂಥ ಮಾತುಗಾರ್ತಿ. ನಾನೂ ಒರೆಸಿಕೊಂಡಿದ್ದೇನೆ.

ತರಗತಿ ನಡೆಯುತ್ತಿದ್ದದ್ದು ನೇಕಾರ ಓಣಿಯ ಒಂದು ಮನೆಯ ಪಡಸಾಲೆಯಲ್ಲಿ. ಒಳಗೆ ಮಗ್ಗ, ಹೊರಗೆ ನಾವು. ಹುಡುಗಿಯರು ಬರುವಾಗ ರಾಟೆಯನ್ನೂ ಹೊತ್ತು ತರುತ್ತಿದ್ದರು. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವುದು ಅವರ ಪಾಲಿನ ಕೆಲಸ. ಕಂಡಿಕೆ ಇಲ್ಲದಿದ್ದರೆ ಅಪ್ಪನ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಮಗಳ ಓದು ಬಂದ್. ಹಾಗಾಗಿ ಕೈ ರಾಟೆಯ ಮೇಲೆ, ಕಣ್ಣು ಹಲಗೆಯ ಮೇಲೆ. ಬರೆಯಲು ಕೈಗೆ ಬಿಡುವಿಲ್ಲದೆ ಬರಹ ಹಿಂದೆ ಬಿತ್ತು, ಓದು ಮುಂದೆ ಓಡಿತು. ಅದೂ ಎಂಥ ಓದು! ಮಗ್ಗದ ಸಪ್ಪಳ ಮೀರಿ ಕೇಳಿಸಬೇಕಲ್ಲ, ಗಂಟಲು ಹರಿಯುವ ಹಾಗೆ ಒದರುತ್ತಿದ್ದರು. ಓಣಿಯ ಮುದುಕರು "ಏನವಾ, ಸಂತಿ ಕೂಡಿಸೀಯೇನ?" ಎಂದು ನನ್ನನ್ನು ಕಾಡಿಸುತ್ತಿದ್ದರು.

ಎಲ್ಲರಿಗಿಂತ ಗಟ್ಟಿ ಆ ಮನೆಯ ಹುಡುಗಿಯೇ. ಹದಿಮೂರು ಮುಗಿದು ಹದಿನಾಲ್ಕಕ್ಕೆ ಬಿದ್ದವಳು. ಬೆಂಕಿಪೆಟ್ಟಿಗೆ, ಕ್ಯಾಲೆಂಡರು, ದವಾಖಾನೆಯ ಬೋರ್ಡು, ಏನು ಕಂಡರೂ ಓದಲೇಬೇಕು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಹುನಗುಂದಕ್ಕೆ ಹೋಗಿ ಕೂರಬೇಕು, ಪಾಸಾಗಿ ಬಾಲವಾಡಿಯಲ್ಲಿ ಕೆಲಸ ಹಿಡಿಯಬೇಕು ಎನ್ನುವುದು ಅವಳ ಆಸೆ. ಅದಕ್ಕೆಂದೇ ಬೆಳಗ್ಗೆ ಬೇಗ ಎದ್ದು ಬರೆಯುವುದನ್ನು ರೂಢಿ ಮಾಡಿಕೊಂಡಿದ್ದಳು.

"ಅಕ್ಕಾರ, ಬಾಲವಾಡ್ಯಾಗ ಮಗ್ಗ ಇರಂಗಿಲ್ಲಲ್ರೀ?" ಎಂದು ಒಮ್ಮೆ ಕೇಳಿದಳು.

"ಇಲ್ಲವಾ, ಯಾಕ?"

"ಹಂಗಾದ್ರ ಅಲ್ಲಿ ಸಣ್ಣ ದನಿಲೆ ಓದಿದ್ರೂ ನಡೀತೈತಿ ಬಿಡ್ರಿ."

ಆ ವರ್ಷ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹೆಣ್ಣುಮಕ್ಕಳ ಓದಿನ ಕುರಿತು ಒಂದು ಸಭೆ ನಡೆಯಿತು. ನಮ್ಮ ತರಗತಿಯ ಒಬ್ಬ ಹುಡುಗಿಯನ್ನು ವೇದಿಕೆಯ ಮೇಲೆ ಓದಿಸಬೇಕೆಂದು ಅವ್ವಾರು ತೀರ್ಮಾನಿಸಿದರು, ಇವಳನ್ನೇ ಆರಿಸಿದರು. ತಮ್ಮ ಮನೆಯ ಸೀರೆ ತಂದು ಉಡಿಸಿದರು, ಮುಡಿಗೆ ಅಬ್ಬಲಿಗೆ ಮುಡಿಸಿದರು. ನನಗೆ ಸರಿಬರಲಿಲ್ಲ.

"ಅವ್ವಾರ, ಸಣ್ಣ ಹುಡುಗಿ. ಪರಕಾರ ಪೋಲಕಾದಾಗ ಬರಲಿ, ಸೀರಿ ಯಾಕ್ರಿ?"

"ಸುಮ್ನಿರು ತಂಗಿ. ಮಂದಿ ಮುಂದ ಚೆಂದ ಕಾಣಬೇಕು."

ವೇದಿಕೆಯ ಮೇಲೆ ಯಾರೋ ಹಿರಿಯರು ಅವಳಿಗೆ ಅಂದಿನ ಪೇಪರು ಕೊಟ್ಟರು. ಹೆಣ್ಣು ನೋಡಲು ಬಂದವರೂ ನಮ್ಮಲ್ಲಿ ಹೀಗೇ ಪೇಪರು ಕೈಗೆ ಕೊಟ್ಟು ಓದಿಸುತ್ತಾರೆ. ಇಲ್ಲಿ ಕಡಿಮೆ ಬಿದ್ದದ್ದು ಅವಲಕ್ಕಿ ತಾಟು ಒಂದೇ. ಹುಡುಗಿ ಮೈಕು ಬಿಟ್ಟು ದೂರ ನಿಂತು, ಎದುರಿಗೆ ಹತ್ತು ಮಗ್ಗ ನಡೆಯುತ್ತಿವೆಯೇನೋ ಎಂಬಂತೆ ಓದಿದಳು. ಹಿಂದಿನ ಸಾಲಿನವರೂ ಎದ್ದು ಚಪ್ಪಾಳೆ ಹೊಡೆದರು. ಅವಳು ಇಳಿದ ಮೇಲೆ ಅವ್ವಾರು, ಹದಿನೆಂಟು ತುಂಬುವ ತನಕ ಹೆಣ್ಣುಮಕ್ಕಳ ಮದುವೆ ಮಾಡುವುದಿಲ್ಲವೆಂದು ಎಲ್ಲರ ಕೈ ಎತ್ತಿಸಿ ಆಣೆ ಮಾಡಿಸಿದರು. ಹೊರಳಿ ಬರುವಾಗ ಬಸ್ಸಿನಲ್ಲಿ ಹುಡುಗಿ ದಾರಿಯ ಬೋರ್ಡುಗಳನ್ನೆಲ್ಲ ಓದಿ ಓದಿ ನಮ್ಮ ತಲೆ ತಿಂದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಮತ್ತೆ ನೋಡಲಿಲ್ಲ.

ಕೆಲ ದಿನಗಳ ಮೇಲೆ ತರಗತಿಗೆ ಕೆಂಪು ರೇಷ್ಮೆಯ ಲಡಿ ತಂದು ಕೂತಳು. ರಾಟೆ ತಿರುಗಿಸುತ್ತ, ಹಲಗೆಯ ಕಡೆ ನೋಡದೆ ಅಂದಳು: "ಅಕ್ಕಾರ, ಇದು ಸಾವಕಾರರ ರೇಷ್ಮಿ ಅಲ್ರಿ. ಅಪ್ಪ ತಾನ ತಂದಾನ್ರಿ."

ಉಳಿದ ಹುಡುಗಿಯರ ರಾಟೆ ಗಪ್ಪನೆ ನಿಂತವು. ನೇಕಾರ ಜನ್ಮವಿಡೀ ಸಾವಕಾರ ಕೊಟ್ಟ ರೇಷ್ಮೆಯಲ್ಲಿ ಮಂದಿಯ ಸೀರೆಗೆ ಸೆರಗು ನೇಯುತ್ತಾನೆ. ತಾನೇ ರೇಷ್ಮೆ ಕೊಂಡು ತಂದನೆಂದರೆ ಮನೆಯಲ್ಲಿ ಮದುವೆ ಎಂದೇ ಅರ್ಥ. ಇವಳಿಗೆ ಅಕ್ಕ ಇರಲಿಲ್ಲ. ಅಪ್ಪ ಅವ್ವ ಯಾರೂ ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ, ಕಂಡಿಕೆ ಸುತ್ತು ಎಂದಷ್ಟೇ ಹೇಳಿದ್ದರು.

ನೇರ ಒಳಗೆ ಹೋದೆ. "ಕಾಕಾ, ಮುಲ್ಕಿ ಪರೀಕ್ಷಾ ಹತ್ರ ಬಂದೈತಿ. ಇದೇನ ಮಾಡಾಕತ್ತೀರಿ?"

ಅವಳಪ್ಪ ಮಗ್ಗ ನಿಲ್ಲಿಸಲಿಲ್ಲ. "ನಾ ಎಲ್ಲಿ ಹುಡುಕ್ಕೊಂಡು ಹೋಗಿದ್ನೆವಾ? ಅವ್ವಾರ ತಂದ ಸಂಬಂಧ. ಅವರ ನೂಲಿನ ಮ್ಯಾಲೆ ನಮ್ಮ ಮಗ್ಗ ನಡೀತೈತಿ. ಹೆಂಗ ಒಲ್ಲೆ ಅನ್ನಲಿ, ನೀನ ಹೇಳು."

ವರ ಅವ್ವಾರ ಅಕ್ಕನ ಮಗ. ಹುನಗುಂದದಲ್ಲಿ ಕಿರಾಣಿ ಅಂಗಡಿ. ಮೂವತ್ತು ದಾಟಿದವನು, ಮೊದಲ ಹೆಂಡತಿ ತೀರಿಕೊಂಡಿದ್ದಳು. ಅವನಿಗೆ ಓದು ಬರಹ ಬಾರದು, ಪೇಟೆಯಿಂದ ಬಂದ ಕಾಗದ ಓದಲು ಮನೆಯಲ್ಲೇ ಒಬ್ಬರು ಬೇಕಾಗಿತ್ತು. ವಿದ್ಯಾಗಿರಿಯ ಸಭೆಗೆ ಚಿಕ್ಕಮ್ಮನ ಭಾಷಣ ಕೇಳಲು ಬಂದವನು ಹುಡುಗಿಯ ಓದು ಕೇಳಿ ಹೋಗಿದ್ದ.

ಅವ್ವಾರ ಮನೆಗೆ ಹೋದೆ. ಚಹಾ ಕೊಟ್ಟರು, ಕುಡಿಯಲಿಲ್ಲ. "ಮಂದಿ ಕೈ ಎತ್ತಿಸಿ ಆಣಿ ಮಾಡಿಸಿದಾರು ನೀವ ಅಲ್ರೇನು?" ಎಂದೆ.

"ಆಣಿ ಮಾಡಸೂದು ಊರಿಗಿ ಬುದ್ಧಿ ಬರಲಿ ಅಂತ," ಎಂದರು ನಗುತ್ತ. "ಒಂದ ಪೈಸೆ ವರದಕ್ಷಿಣಿ ಇಲ್ಲ ತಂಗಿ. ಓದಾಕ ಬರ್ತೈತಿ ಅಂತ ಒಲಿದು ಬಂದ ಮನಿ ಅದು. ನೀ ಕಲಿಸಿದ್ದು ಸಾರ್ಥಕ ಆತು, ಹಿಗ್ಗಬೇಕು ನೀ."

"ಪರೀಕ್ಷಾ?"

"ಪರೀಕ್ಷಾ ಹುನಗುಂದದಾಗ ಐತೆಲ್ಲ. ಗಂಡನ ಮನಿಯಿಂದನ ಹೋಗಿ ಬರೀತಾಳ. ಅನುಕೂಲನ ಆತು."

ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಮಂಡಳದ ಉಳಿದ ಹೆಂಗಸರ ಮನೆ ಮನೆಗೂ ಅಲೆದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಮಾತಾಡಿದರು. ಕೊನೆಗೆ ತಹಸೀಲ್ದಾರ ಕಚೇರಿಗೂ ಹೋದೆ, ಅಲ್ಲಿಯ ಸಾಹೇಬರು ಹುಡುಗಿಯ ತಂದೆಯೇ ಬಂದು ದೂರು ಕೊಡಲಿ ಎಂದರು.

ಮದುವೆಯಲ್ಲಿ ಮಂಡಳದವರೆಲ್ಲ ಸೇರಿ ಅವಳಿಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸ ಹೊಲಿಸುವ ಕಣದ ಬಟ್ಟೆ. ಎಲ್ಲದರ ಮೇಲೆ ಅವ್ವಾರು ನಮ್ಮ ತರಗತಿಯ ಪಠ್ಯಪುಸ್ತಕ ಇಟ್ಟು, ಫೋಟೋ ತೆಗೆಯುವವನ ಕಡೆ ತಿರುಗಿ ನಕ್ಕರು. ಹುಡುಗಿ ಎರಡೂ ಕೈಯಿಂದ ಸೆರಗು ಹಿಡಿದು ನಿಂತಿದ್ದಳು, ತಾನೇ ಕಂಡಿಕೆ ಸುತ್ತಿದ ಕೆಂಪು ಸೆರಗು. ನನ್ನ ಕಡೆ ನೋಡಲಿಲ್ಲ. ಪುಸ್ತಕ ತೆಗೆದು ಅವ್ವಾರ ಮುಖಕ್ಕೆ ಎಸೆಯಬೇಕು ಅನಿಸಿತ್ತು ನನಗೆ.

ಮಂಡಳದವರು ಅದನ್ನು ಆದರ್ಶ ವಿವಾಹವೆಂದು ಸಭೆಗಳಲ್ಲಿ ಹೇಳಿಕೊಂಡು ತಿರುಗಿದರು. ನಾನು ತರಗತಿ ಬಿಟ್ಟೆ, ಬೇರೊಬ್ಬಳು ಬಂದಳು. ನಾನು ಮನೆ ಮನೆಗೆ ಹೋಗಿ ಕಾಲು ಹಿಡಿದರೂ ಮಕ್ಕಳನ್ನು ಕಳಿಸದಿದ್ದ ತಾಯಂದಿರು ಈಗ ತಾವೇ ಕರೆತಂದು ಬಿಡುತ್ತಿದ್ದರಂತೆ. "ನಮ್ಮಾಕಿಗೂ ಗಟ್ಟಿಯಾಗಿ ಓದೂದು ಕಲಸ್ರಿ, ಚಲೋ ಮನಿ ಸಿಗಲಿ" ಎನ್ನುತ್ತಿದ್ದರಂತೆ. ಪಡಸಾಲೆ ಸಾಲದಾಯಿತು.

ಎಂಬತ್ತರ ದಶಕದ ನಡುವೆ ನಾನು ಬಾದಾಮಿ ಕಡೆಯ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಊರಿಗೆ ಬರುವಾಗ ಒಮ್ಮೆ ಹುನಗುಂದದಲ್ಲಿ ಬಸ್ಸು ಕೆಟ್ಟಿತು. ಮನಸ್ಸು ತಡೆಯದೆ ಆ ಅಂಗಡಿ ಹುಡುಕಿಕೊಂಡು ಹೋದೆ. ಗಂಡ ಇರಲಿಲ್ಲ. ಅವಳು ಬೆಲ್ಲ ಕಟ್ಟುತ್ತಿದ್ದಳು. ಗುರುತು ಹಿಡಿದು ನಕ್ಕು, ಗೋಣಿಚೀಲ ಹಾಸಿ ಕೂರಿಸಿದಳು. ಪರೀಕ್ಷೆಯ ಮಾತು ನಾನು ಎತ್ತಲಿಲ್ಲ, ಅವಳೇ ಎತ್ತಿದಳು: "ಮುಲ್ಕಿ ಬರೀಲಿಲ್ರಿ ಅಕ್ಕಾರ. ಆಗ ಇಕಿ ಹೊಟ್ಯಾಗಿದ್ಲು."

ಇಕಿ ಎಂದರೆ ಮೂಲೆಯಲ್ಲಿ ಕೂತಿದ್ದ ಆರೇಳು ವರ್ಷದ ಮಗಳು. ಒಂದು ಹಳೆಯ ಪೇಪರು ತೊಡೆಯ ಮೇಲಿಟ್ಟುಕೊಂಡು ಸಾಲಿನ ಮೇಲೆ ಬೆರಳು ಆಡಿಸುತ್ತಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ನನಗೆ ಜೀವ ಬಂದಂತಾಯಿತು.

"ಏನ್ ಓದಾಕತ್ತೀವಾ? ನನಗೂ ಕೇಳಸಂಗ ಓದು ನೋಡೂಣು."

ಮಗು ತಕ್ಷಣ ಪೇಪರು ಮಡಚಿ ತೊಡೆಯ ಕೆಳಗಿಟ್ಟಿತು. ತಾಯಿಯ ಮುಖ ನೋಡಿತು. "ನನಗ ಓದಾಕ ಬರಂಗಿಲ್ರಿ" ಎಂದಿತು.

"ಸಾಲಿಗೆ ಹಾಕಿಲ್ಲೇನ ಈಕಿನ್ನ?" ಎಂದು ಕೇಳಿದೆ.

ಅವಳು ಬೆಲ್ಲದ ಪುಡಿಕೆಗೆ ದಾರ ಸುತ್ತಿದಳು. "ಹಾಕೇನ್ರಿ. ಎಲ್ಲಾ ಓದ್ತಾಳ. ಮಂದಿ ಕೇಳಿದ್ರ ಬರಂಗಿಲ್ಲ ಅನ್ನು ಅಂತ ನಾನ ಕಲಿಸೇನ್ರಿ."