ಮಾನ್ವಿಯಲ್ಲಿ ನಾನು ಬಾಯಿಬಿಟ್ಟದ್ದು

ಮಾನ್ವಿಯಲ್ಲಿ ಇದ್ದಿಲಿನಿಂದ ಓಡುವ ರಾಯಚೂರಿನ ಬಸ್ಸಿಗೆ ಕಾಯುತ್ತ ಬೇವಿನ ಮರದಡಿ ಕೂತಿದ್ದೆ. ಪಕ್ಕದಲ್ಲಿ ಮುದುಕನೊಬ್ಬ ಕಂಬಳಿ ನೇಯುತ್ತಿದ್ದ. ಅವನೆದುರು ಉಣ್ಣೆ ನೂಲುತ್ತಿದ್ದವಳು ಅವನ ಶಿಷ್ಯೆ ಹನುಮವ್ವ. ಹನ್ನೊಂದು ವರ್ಷದಿಂದ ಅವಳಿಗೆ ಅವನು ಕೇಳುವುದು ಒಂದೇ ಪ್ರಶ್ನೆಯಂತೆ. ನನ್ನ ಮುಂದೆಯೂ ಕೇಳಿದ: "ಬೆಚ್ಚಗಿರೂದು ಕಂಬಳಿಯೇನ ಬೇ, ನೀನೇನು?"

ಹನುಮವ್ವ ನೂಲುವುದನ್ನು ನಿಲ್ಲಿಸಿದಳು. "ಗೊತ್ತಾಗವಲ್ದು ಯಪ್ಪಾ," ಎಂದಳು. ಸೋತಳು ಪಾಪ, ಅಂದುಕೊಂಡೆ. ಮುದುಕನ ಮುಖ ಮಾತ್ರ ಅರಳಿತ್ತು. ನೇಯ್ಗೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತ ಕೂತ.

ನಾಲ್ಕು ವೇದಾಂತದ ಪುಸ್ತಕ ಓದಿದ ನನಗೆ ತಡೆಯಲಾಗಲಿಲ್ಲ. "ಕಂಬಳಿಗೆಲ್ಲಿಯ ಬಿಸಿ, ತಾಯಿ? ನಿನ್ನ ಮೈಬಿಸಿಯನ್ನೇ ಅದು ನಿನಗೆ ಕೊಡುತ್ತದೆ," ಎಂದುಬಿಟ್ಟೆ.

"ಹೌದಲ್ರೀ! ಗೊತ್ತಾತ್ರಿ," ಎಂದು ನಕ್ಕು, ಹನುಮವ್ವ ಮತ್ತೆ ನೂಲತೊಡಗಿದಳು.

ಮುದುಕ ನನ್ನತ್ತ ತಿರುಗಿದ. "ಇವತ್ತೋ ನಾಳೆಯೋ ತಾನ ಕಾಣತಿದ್ಲು. ಗೊತ್ತಾತು ಅಂದಮ್ಯಾಲ ಇನ್ನ ಯಾಕ ಹುಡುಕ್ಯಾಳ್ರೀ?"

ಅಷ್ಟರಲ್ಲಿ ಬಸ್ಸು ಬಂತು. ನಾನು ಹತ್ತುವಾಗ ಹನುಮವ್ವ ಓಡಿ ಬಂದಳು. ಗುರುವಿಗೆ ಬೆನ್ನು ಮಾಡಿ, ಬಾಗಿ, ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.